ಬಣ್ಣದ ಹಂಡೆಯ ಮುಂದೆ ರಸಾಯನಶಾಸ್ತ್ರದ ತರಗತಿ

ಬಾದಾಮಿ ಸುತ್ತಿನ ಮಕ್ಕಳು ಉತ್ಕರ್ಷಣ–ಅಪಕರ್ಷಣವನ್ನು ಪುಸ್ತಕದಿಂದ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಕೂಡಲೇ ಮರೆಯುತ್ತಾರೆ. ಆ ಪಾಠ ಬಾಗಲಕೋಟೆ ಜಿಲ್ಲೆಯಲ್ಲೇ ಕಣ್ಣಿಗೆ ಕಾಣುವಂತಿದೆ.

ಇಳಕಲ್ ನೇಕಾರರ ನಾಡು. ಹತ್ತಿ ನೂಲಿಗೆ ಇಂಡಿಗೋ ನೀಲಿ ಹಾಕುವ ಬಗೆಯನ್ನೇ ನೋಡಿ. ಇಂಡಿಗೋ ನೀರಿನಲ್ಲಿ ಕರಗದು. ಕಾಸ್ಟಿಕ್ ಸೋಡಾ, ಸೋಡಿಯಂ ಹೈಡ್ರೋಸಲ್ಫೈಟ್ ಬೆರೆಸಿದ ಬೆಚ್ಚಗಿನ ನೀರಿನಲ್ಲಿ ಅದು ಅಪಕರ್ಷಣಗೊಂಡು ಹಳದಿ ಹಸಿರಿನ ದ್ರಾವಣವಾಗುತ್ತದೆ. ಬಿಸಿ ತಗ್ಗಿದರೆ ಕ್ರಿಯೆಯೂ ನಿಧಾನ. ಅದ್ದಿದ ಲಡಿಯನ್ನು ಮೇಲೆತ್ತಿದಾಗ ಹಸಿರು. ಗಾಳಿಯ ಆಮ್ಲಜನಕ ತಾಗಿ ಉತ್ಕರ್ಷಣಗೊಂಡಂತೆ ನೋಡನೋಡುತ್ತಲೇ ನೀಲಿ! ಎಳೆಯೊಳಗೆ ಹೊಕ್ಕ ಬಣ್ಣ ಮತ್ತೆ ಕರಗದಂತಾಗುವುದರಿಂದಲೇ ತೊಳೆದರೂ ನಿಲ್ಲುತ್ತದೆ. ದ್ರಾವಣ, ಅನಿಲ, ಕ್ರಿಯಾವೇಗ ಎಲ್ಲವೂ ಒಂದೇ ಹಂಡೆಯಲ್ಲಿ.

ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೇ ಗುಹೆಯ ಮರಳುಗಲ್ಲಿಗೆ ಕೆಂಪು ಬಂದದ್ದೂ ಉತ್ಕರ್ಷಣದಿಂದಲೇ, ಅಂದರೆ ಕಬ್ಬಿಣದ ಆಕ್ಸೈಡ್‌ನಿಂದ.

ಮಕ್ಕಳನ್ನು ಗುಹೆ ತೋರಿಸಲು ಕರೆದೊಯ್ಯುವ ಶಾಲೆಗಳು ಬಣ್ಣದ ಮನೆಯನ್ನು ಬಿಡುವುದು ಸರಿಯಲ್ಲ. ಕಾಸ್ಟಿಕ್ ಸೋಡಾ ಚರ್ಮ ಸುಡುತ್ತದೆ, ಆದ್ದರಿಂದ ದೂರ ನಿಂತೇ ನೋಡಲಿ. ಬಾಗಲಕೋಟೆಯ ಶಿಕ್ಷಣಾಧಿಕಾರಿಗಳು ಹತ್ತನೇ ತರಗತಿಯ ಈ ಪಾಠಕ್ಕೆ ಇಳಕಲ್ ಭೇಟಿಯನ್ನು ಸೇರಿಸಲಿ, ಪಾಠ ಹೇಳುವ ಬಣ್ಣಗಾರರಿಗೆ ಗೌರವಧನವನ್ನೂ ಕೊಡಲಿ.