ಗೇಮ್ ಥಿಯರಿ ಕಲಿತರೆ ಪ್ರಯೋಜನ ಉಂಟಾ?

‘ಎಂತ ಮಗಾ, ಪರೀಕ್ಷೆ ಹೊತ್ತಿಗೆ ಗೇಮ್ ಆಡುದಾ?’ ಲ್ಯಾಪ್‌ಟಾಪ್‌ನಲ್ಲಿ ‘ಗೇಮ್ ಥಿಯರಿ’ ಎಂಬ ಹೆಸರು ಕಂಡು ಅಮ್ಮ ಕೇಳಿದ ಪ್ರಶ್ನೆಯಿದು. ಗೆಳೆಯರದ್ದು ಬೇರೆ ಪ್ರಶ್ನೆ: ‘ಪ್ಲೇಸ್‌ಮೆಂಟಿಗೆ ಉಪಯೋಗ ಉಂಟಾ?’ ಎನ್‌ಪಿಟಿಇಎಲ್‌ನ ಆರಂಭಿಕ ಪಾಠಗಳನ್ನು ನೋಡಿದ ಮೇಲೆ ನನ್ನ ಉತ್ತರ ಇಷ್ಟು: ಇದೊಂದರಿಂದಲೇ ಕೆಲಸ ಸಿಗದು. ಆದರೂ ಕಲಿಯಬೇಕು.

ನಮ್ಮ ಲಾಭ–ನಷ್ಟ ನಮ್ಮ ತೀರ್ಮಾನವನ್ನಷ್ಟೇ ಅಲ್ಲ, ಇತರರ ತೀರ್ಮಾನವನ್ನೂ ಅವಲಂಬಿಸಿದಾಗ ಏನು ಮಾಡಬೇಕು? ಈ ಶಾಸ್ತ್ರದ ಪ್ರಶ್ನೆ ಅದೇ. ಕುಂದಾಪುರ–ಉಡುಪಿ ನಡುವೆ ಓಡುವ ಎರಡು ಬಸ್‌ಗಳನ್ನೇ ನೋಡಿ. ಒಂದು ಮುಂದೆ ಹೋದರೆ ಕೋಟೇಶ್ವರದ ಪ್ರಯಾಣಿಕರೆಲ್ಲ ಅದಕ್ಕೇ. ಆದ್ದರಿಂದ ಎರಡೂ ವೇಗ ಹೆಚ್ಚಿಸುತ್ತವೆ. ಕೊನೆಗೆ ಇಬ್ಬರ ಕಲೆಕ್ಷನ್ನೂ ಹೆಚ್ಚಾಗದು, ಅಪಾಯ ಮಾತ್ರ ಹೆಚ್ಚುತ್ತದೆ. ಪಠ್ಯದಲ್ಲಿ ಬರುವ ‘ಕೈದಿಗಳ ಇಕ್ಕಟ್ಟು’ ಇದೇ. ಚಾಲಕರನ್ನು ಬೈದರೆ ಸಾಲದು, ನಿಯಮ ಬದಲಾಗಬೇಕು ಎಂದು ಹೊಳೆದದ್ದು ಆಗ.

ಇನ್ನೊಂದು ಪಾಠ ನನಗೇ ಚುಚ್ಚಿತು. ಪಿಯುಸಿ ನಂತರ ಸಿಇಟಿ ಆಪ್ಷನ್ ಎಂಟ್ರಿ ಮಾಡುವಾಗ, ‘ನನ್ನ ರ್‍ಯಾಂಕಿಗೆ ಅದು ಸಿಗಲಿಕ್ಕಿಲ್ಲ, ಮೊದಲ ಆಯ್ಕೆ ವ್ಯರ್ಥವಾದೀತು’ ಎಂದು ಹೆದರಿ, ನಿಜಕ್ಕೂ ಬೇಕಿದ್ದ ಕಾಲೇಜನ್ನು ಕೆಳಗೆ ಹಾಕಿದೆ. ಮೇಲೆ ಹಾಕಿದ್ದೇ ಸಿಕ್ಕಿತು. ಆಮೇಲೆ ಕಟ್‌ಆಫ್ ನೋಡಿದರೆ, ನನ್ನದೇ ವರ್ಗದಲ್ಲಿ ನನಗಿಂತ ಹಿಂದಿನ ರ್‍ಯಾಂಕಿನವರಿಗೆ ಆ ಸೀಟು ಹೋಗಿತ್ತು!

ಸೀಟು ಹಂಚುವಾಗ ಕೆಇಎ ರ್‍ಯಾಂಕ್ ಪ್ರಕಾರ ಒಬ್ಬೊಬ್ಬರ ಪಟ್ಟಿಯನ್ನು ಮೇಲಿನಿಂದ ನೋಡುತ್ತದೆ. ಮೊದಲನೆಯದು ಸಿಗದಿದ್ದರೆ ಎರಡನೆಯದರ ಅವಕಾಶವೇನೂ ಕಡಿಮೆಯಾಗದು. ಹಾಗಾಗಿ ಬೇರೆಯವರು ಏನೇ ಬರೆಯಲಿ, ನಮಗೆ ಬೇಕಾದ ಕ್ರಮದಲ್ಲೇ ಬರೆಯುವುದು ಲೇಸು. ಇದನ್ನು ‘ಡಾಮಿನೆಂಟ್ ಸ್ಟ್ರಾಟಜಿ’ ಎನ್ನುತ್ತಾರೆ. ಆದ್ಯತೆಯ ಕ್ರಮದಲ್ಲಿ ಬರೆಯಿರಿ ಎಂದು ಕೆಇಎ ಸೂಚನೆಯಲ್ಲೂ ಇತ್ತು. ಯಾಕೆಂದು ನನಗೆ ಅರ್ಥವಾಗಿದ್ದು ಎರಡು ವರ್ಷ ತಡವಾಗಿ. ಯಾರಿಗೆ ಯಾವುದು ಸಿಗಬೇಕೆಂಬ ಇಂಥ ಹಂಚಿಕೆಯ ಅಧ್ಯಯನಕ್ಕೇ 2012ರಲ್ಲಿ ಆಲ್ವಿನ್ ರಾತ್ ಮತ್ತು ಲಾಯ್ಡ್ ಶಾಪ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು.

ಕೊರತೆಗಳೂ ಇವೆ. ಪಠ್ಯದ ಕೋಷ್ಟಕದಲ್ಲಿ ಲಾಭದ ಅಂಕಿ ಮೊದಲೇ ಬರೆದಿರುತ್ತದೆ, ಬದುಕಿನಲ್ಲಿ ಅದನ್ನು ಯಾರೂ ಕೊಡುವುದಿಲ್ಲ. ಅಲ್ಲಿನ ಆಟಗಾರರು ಸದಾ ಲೆಕ್ಕ ಹಾಕುತ್ತಾರೆ, ನಾವು ಹೆದರುತ್ತೇವೆ, ಸಿಟ್ಟಾಗುತ್ತೇವೆ. ಪೆನ್ನು, ಕಾಗದ ಹಿಡಿಯದೆ ಬರೀ ವಿಡಿಯೊ ನೋಡಿದರೆ ಎರಡೇ ದಿನಕ್ಕೆ ಮರೆತೂ ಹೋಗುತ್ತದೆ. ಪಾಠಗಳಂತೂ ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಮೊದಲ ಎರಡು ವಾರ ನೋಡಿ, ಲೆಕ್ಕಗಳನ್ನು ನೀವೇ ಬಿಡಿಸಿ, ಮುಂದುವರಿಯಬೇಕೇ ಬೇಡವೇ ಎಂದು ಆಮೇಲೆ ನಿರ್ಧರಿಸಿ.

ಮೊನ್ನೆ ಪಕ್ಕದ ಮನೆಯ ಹುಡುಗಿ ಆಪ್ಷನ್ ಪಟ್ಟಿ ಹಿಡಿದು ಬಂದಿದ್ದಳು. ಅವಳೂ ಹೆದರಿ, ‘ಖಂಡಿತ ಸಿಗುವ’ ಕಾಲೇಜನ್ನೇ ಮೊದಲು ಬರೆದಿದ್ದಳು. ಇಬ್ಬರೂ ಕೂತು ಪಟ್ಟಿಯನ್ನು ತಿದ್ದಿದೆವು. ಅಮ್ಮ ಚಾ ತಂದಿಟ್ಟರು. ಈ ಸಲ ಗೇಮ್ ಬಗ್ಗೆ ಏನೂ ಕೇಳಲಿಲ್ಲ.