ಅಮ್ಮನ ಮದ್ದಿನ ಡಬ್ಬಿ

ಜೂನ್ 26 ಬಂತೆಂದರೆ ನಮ್ಮ ಕಡೆ ಮಾದಕ ವಸ್ತು ವಿರೋಧಿ ಜಾಥಾ. ಬ್ಯಾನರಿನಲ್ಲಿ ಸಿರಿಂಜು, ತಲೆಬುರುಡೆ, ಗಾಂಜಾ ಎಲೆ. ಭಾಷಣದಲ್ಲಿ ‘ಹೊರಗಿನಿಂದ ಬರುವ ಜಾಲ’. ಪ್ರತಿಜ್ಞೆ, ಉಪಾಹಾರ, ವಾಟ್ಸಾಪಿಗೆ ಫೋಟೋ. ಮುಗೀತು.

ನನ್ನ ಅಕ್ಕನ ಮಗನಿಗೆ ಮಾತ್ರೆ ಸಿಕ್ಕಿದ್ದು ಯಾವ ಜಾಲದಿಂದಲೂ ಅಲ್ಲ ಮಾರಾಯ್ರೇ. ನನ್ನಿಂದ.

ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ನಿದ್ದೆ ಇರಲಿಲ್ಲ. ಡಾಕ್ಟರು ಹದಿನೈದು ದಿನಕ್ಕೆಂದು ಅಲ್‌ಪ್ರಜೋಲಾಮ್ ಬರೆದರು. ಆ ಚೀಟಿಯ ಫೋಟೋ ಎರಡು ವರ್ಷ ನನ್ನ ಫೋನಿನಲ್ಲಿತ್ತು. ಊರಿಗೆ ಹೊರಡುವಾಗ ಬೆಂಗಳೂರಿನ ಮೆಡಿಕಲ್‌ನಲ್ಲಿ ಅದನ್ನು ತೋರಿಸುವುದು, ಕೈತುಂಬ ಸ್ಟ್ರಿಪ್ ತರುವುದು. ತಾರೀಕನ್ನು ಅಂಗಡಿಯವ ನೋಡಲಿಲ್ಲ, ನಾನೂ ನೋಡಲಿಲ್ಲ. ಡಬ್ಬಿ ಬಂಟ್ವಾಳದ ಮನೆಯ ಫ್ರಿಜ್ಜಿನ ಮೇಲೆ. ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದ ಹುಡುಗ ಅಜ್ಜಿಮನೆಗೆ ಬಂದುಹೋದಾಗೆಲ್ಲ ಒಂದೆರಡು ಸ್ಟ್ರಿಪ್ ಕಮ್ಮಿ. ಮೊದಲು ಪರೀಕ್ಷೆಯ ಟೆನ್ಷನ್ನಿಗೆ, ಆಮೇಲೆ ದಿನಾ, ಗೆಳೆಯರಿಗೂ. ಸಿಕ್ಕಿಬಿದ್ದ ದಿನ ಕಾಲೇಜಿನವರು ಕೊಟ್ಟದ್ದು ಟಿಸಿ, ಜೊತೆಗೆ ‘ಹೊರಗೆ ಹೇಳಬೇಡಿ’ ಎಂಬ ಸಲಹೆ.

‘ಗಾಂಜಾ ಅಲ್ಲವಲ್ಲ, ಮದ್ದೇ ಅಲ್ವಾ’ ಅಂದಳು ಅಕ್ಕ. ಬೆಳ್ತಂಗಡಿಗೆ ಕರೆದುಕೊಂಡು ಹೋಗಿ, ಅವನ ಬ್ಯಾಗಿನಲ್ಲಿದ್ದದ್ದನ್ನೆಲ್ಲ ಒಲೆಗೆ ಹಾಕಿದಳು.

ಮದ್ದೇ, ಸರಿ. ಆದರೆ ಇದನ್ನು ಹೆಂಡದ ಜೊತೆ ನುಂಗಿದರೆ ಉಸಿರೇ ನಿಲ್ಲಬಹುದು. ದಿನಾ ತಗೊಂಡು ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ಡಾಕ್ಟರು ಸ್ವಲ್ಪ ಸ್ವಲ್ಪವೇ ಡೋಸ್ ಇಳಿಸಬೇಕು. ನಮಗದು ಗೊತ್ತಾದದ್ದು ಮೂರನೇ ರಾತ್ರಿ, ಹುಡುಗ ಕೈಕಾಲು ಸೆಟೆದು ಬಿದ್ದಾಗ. ಮಂಗಳೂರು ತಲುಪುವವರೆಗೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಕಾನೂನು ಇಲ್ಲವಾ? ಉಂಟು. 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 ಜಾರಿಯಲ್ಲಿದೆ. ಅಲ್‌ಪ್ರಜೋಲಾಮ್, ಕೋಡೀನ್‌ನಂಥವನ್ನು ಕೊಟ್ಟರೆ ರೋಗಿಯ ಹೆಸರು, ಡಾಕ್ಟರ ಹೆಸರು-ವಿಳಾಸ, ಎಷ್ಟು ಕೊಟ್ಟರು ಎಂಬುದನ್ನೆಲ್ಲ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ನನ್ನ ಎರಡು ವರ್ಷದ ಖರೀದಿಯಲ್ಲಿ ಒಮ್ಮೆಯಾದರೂ ಅಂಗಡಿಯವ ಪೆನ್ನು ಹಿಡಿದದ್ದು ನಾನು ಕಂಡಿಲ್ಲ. ಜಾಥಾದ ಮುಂದೆ ನಡೆಯುವ ಸಾಹೇಬರು ದಾರಿಯಲ್ಲಿ ಸಿಗುವ ನಾಲ್ಕು ಮೆಡಿಕಲ್‌ಗಳಿಗೆ ಡ್ರಗ್ಸ್ ಇನ್ಸ್‌ಪೆಕ್ಟರನ್ನು ಕರೆದುಕೊಂಡು ಹೋಗಿ ಆ ರಿಜಿಸ್ಟರ್ ತೆರೆಸಲಿ. ಬಿಸಿಲಲ್ಲಿ ಘೋಷಣೆ ಕೂಗಿಸಲು ಮಕ್ಕಳೇ ಯಾಕೆ ಬೇಕು? ಚೀಟಿ ಕೇಳಬೇಕಾದವರೂ, ಹಳೇ ಚೀಟಿ ತೋರಿಸುವವರೂ ದೊಡ್ಡವರೇ ಅಲ್ವಾ?

ನಿಮ್ಮ ಫೋನಿನ ಗ್ಯಾಲರಿಯಲ್ಲೂ ಅಂಥದ್ದೊಂದು ಫೋಟೋ ಇರಬಹುದು, ನೋಡಿ. ನನ್ನದನ್ನು ಅಳಿಸಿದೆ. ಆದರೆ ಎರಡು ವರ್ಷ ನುಂಗಿದ ಅಮ್ಮನಿಗೂ ಈಗ ಒಮ್ಮೆಲೇ ಬಿಡುವ ಹಾಗಿಲ್ಲ. ಅಜ್ಜಿ, ಮೊಮ್ಮಗ ಇಬ್ಬರೂ ಒಂದೇ ಡಾಕ್ಟರ ಹತ್ತಿರ, ಒಂದೇ ದಿನ, ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಾರೆ.