ತೋಟದ ಕೂಲಿಗಳ ಮಕ್ಕಳು

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯ ಸುತ್ತಮುತ್ತಣ ಕಾಫಿತೋಟಗಳಲ್ಲಿ ಕೊಯ್ಲಿನ ಕಾಲ ಬಂದಿತೆಂದರೆ ಅಸ್ಸಾಮೀ, ಬಂಗಾಳೀ, ಹಿಂದೀ ಮಾತುಗಳು ಕನ್ನಡದೊಡನೆ ಬೆರೆತು ಕಿವಿಗೆ ಬೀಳತೊಡಗುತ್ತವೆ. ದೂರದ ಪ್ರಾಂತಗಳಿಂದ ದಿನಗಟ್ಟಲೆ ರೈಲಿನಲ್ಲಿ ಕುಳಿತು ಬರುವ ಈ ಕೂಲಿಕಾರರಿಲ್ಲದೆ ಇಂದು ಮಲೆನಾಡಿನ ಹಣ್ಣು ಗಿಡದಿಂದ ಕಣಕ್ಕೆ ಬರುವುದು ಕಷ್ಟವೆಂಬುದನ್ನು ತೋಟದ ಯಜಮಾನರೇ ಒಪ್ಪುತ್ತಾರೆ. ಅವರ ಕೂಲಿಯ ದರ, ಮುಂಗಡ, ಗುರುತಿನ ಚೀಟಿ ಇವುಗಳ ವಿಷಯವಾಗಿ ಬೇಕಾದಷ್ಟು ಚರ್ಚೆ ನಡೆದಿದೆ. ಅವರೊಡನೆ ಬರುವ ಮಕ್ಕಳ ವಿಷಯವಾಗಿ ಮಾತ್ರ ಬಾಯಿ ಬಿಟ್ಟವರು ವಿರಳ.

ಕಳೆದ ಕೊಯ್ಲಿನಲ್ಲಿ ನಾವು ಆ ಕಡೆಗೆ ಹೋಗಿದ್ದಾಗ ಒಂದು ತೋಟದ ಲೈನುಮನೆಯ ಜಗಲಿಯ ಮೇಲೆ ಸುಮಾರು ಎಂಟು ವರ್ಷದ ಹುಡುಗಿಯೊಬ್ಬಳು ತನ್ನ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಶಾಲೆಗೆ ಹೋಗುವುದಿಲ್ಲವೇ ಎಂದು ಕೇಳಿದೆವು. ಅವಳಿಗೆ ನಮ್ಮ ಮಾತು ತಿಳಿಯಲಿಲ್ಲ. ತೋಟದ ರೈಟರು ಉತ್ತರಕೊಟ್ಟರು: “ಅವಳು ಶಾಲೆಗೆ ಹೋದರೆ ಮಗುವನ್ನು ನೋಡಿಕೊಳ್ಳುವವರು ಯಾರು ಸ್ವಾಮಿ?” ಆತನ ಮಾತಿನಲ್ಲಿ ಕಾಠಿಣ್ಯವೇನೂ ಇರಲಿಲ್ಲ, ಇದ್ದ ಸಂಗತಿಯನ್ನೇ ಹೇಳಿದನು. ಬೇಲೂರು, ಸಕಲೇಶಪುರ, ಆಲೂರು ತಾಲ್ಲೂಕುಗಳ ತೋಟಗಳಲ್ಲಿ ಕಾಡಾನೆಗಳು ಹಗಲಿನಲ್ಲಿಯೇ ತಿರುಗಾಡುತ್ತಿರುವ ಈ ದಿನಗಳಲ್ಲಿ, ಒಂದು ಕೂಸಿಗೆ ಇನ್ನೊಂದು ಕೂಸನ್ನು ಕಾವಲಿಟ್ಟು ತಾಯಂದಿರು ಕೆಲಸಕ್ಕೆ ಹೋಗಬೇಕಾಗಿದೆ.

ಇದು ಪರಪ್ರಾಂತದವರ ಗೃಹಕೃತ್ಯ, ನಮಗೇಕೆ ಎನ್ನುವವರಿಗೆ ನಾವು ಒಂದು ವಿಷಯವನ್ನು ಜ್ಞಾಪಿಸಬಯಸುತ್ತೇವೆ. ನಮ್ಮ ವಾಚಕರಲ್ಲಿ ಅನೇಕರ ಮಕ್ಕಳೂ ಅಳಿಯಂದಿರೂ ಉದ್ಯೋಗಾರ್ಥವಾಗಿ ಪರದೇಶಗಳಲ್ಲಿ ಸಂಸಾರ ಹೂಡಿರುವರಷ್ಟೆ. ಜರ್ಮನಿಯಲ್ಲಿ ನೆಲಸಿ ದುಡಿಯುವ ಕನ್ನಡಿಗನ ಮಗುವಿಗೆ, ಉದ್ಯೋಗದ ಪರವಾನಗಿ ಸರಿಯಾಗಿದ್ದಲ್ಲಿ, ಆ ದೇಶದ ಮಗುವಿಗೆ ಸಲ್ಲುವ ಮಾಸಿಕ ಭತ್ಯವೇ ಸಲ್ಲುತ್ತದೆ. 2025ರಲ್ಲಿ ಇದು ಮಗುವೊಂದಕ್ಕೆ 255 ಯೂರೋ ಆಗಿತ್ತು. ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದಲ್ಲಿ ಸ್ಥಳ ದೊರೆಯಬೇಕೆಂಬ ಹಕ್ಕು ಅಲ್ಲಿ 2013ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಅಜ್ಜ ಅಜ್ಜಿಯರು ಇದನ್ನು ನಮ್ಮೂರಿನ ಕಟ್ಟೆಯ ಮೇಲೆ ಕುಳಿತು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ನಾವು ಕೇಳಿದ್ದೇವೆ. ಆ ಮಗು ಯಾವ ಭಾಷೆಯದು ಎಂದು ಅಲ್ಲಿಯ ಬೊಕ್ಕಸವು ವಿಚಾರಿಸಿದ್ದರೆ ನಾವು ಅದನ್ನು ಅನ್ಯಾಯವೆಂದು ಕರೆಯುತ್ತಿದ್ದೆವು.

ಹಾಗೆ ಭೇದವೆಣಿಸಿದ ರಾಜ್ಯವೂ ಇಲ್ಲದಿಲ್ಲ. ಆಸ್ಟ್ರಿಯಾ ಸರ್ಕಾರವು 2019ರ ಜನವರಿಯಿಂದ, ತನ್ನಲ್ಲಿ ದುಡಿಯುವವರ ಮಕ್ಕಳು ಐರೋಪ್ಯ ಒಕ್ಕೂಟದ ಬೇರೆ ದೇಶದಲ್ಲಿ ಬೆಳೆಯುತ್ತಿದ್ದರೆ ಆ ದೇಶದ ಬೆಲೆಗಳಿಗನುಸಾರವಾಗಿ ಭತ್ಯವನ್ನು ಹೊಂದಿಸುವ ಕ್ರಮವನ್ನು ತಂದಿತು. ಆಸ್ಟ್ರಿಯದ ವೃದ್ಧರ ಶುಶ್ರೂಷೆಗೆಂದು ಪೂರ್ವ ಯೂರೋಪಿನಿಂದ ಬಂದಿದ್ದ ಹೆಂಗಸರಿಗೆ ಇದರಿಂದ ಪೆಟ್ಟು ಬಿದ್ದಿತು. ಐರೋಪ್ಯ ನ್ಯಾಯಾಲಯವು 2022ರ ಜೂನ್ 16ರಂದು ಈ ಕ್ರಮವನ್ನು ತಳ್ಳಿಹಾಕಿತು. ಸಮನಾಗಿ ದುಡಿದು ಸಮನಾಗಿ ತೆರಿಗೆ ವಂತಿಗೆಗಳನ್ನು ತೆತ್ತವನಿಗೆ ಫಲವೂ ಸಮನಾಗಿರಬೇಕೆಂಬುದೇ ಅದರ ತಾತ್ಪರ್ಯ. ಬೇರೆ ಬೇರೆ ರಾಷ್ಟ್ರಗಳ ನಡುವೆಯೇ ಈ ನ್ಯಾಯ ನಿಲ್ಲುವುದಾದರೆ, ಒಂದೇ ರಾಷ್ಟ್ರದ ಪ್ರಜೆಗಳ ನಡುವೆ ಅದು ನಿಲ್ಲಬಾರದೇಕೆ? ಅಸ್ಸಾಮಿನವನು ಗೆಂಡೆಹಳ್ಳಿಯಲ್ಲಿ ಪರದೇಶಿಯಲ್ಲ. ಭಾರತದ ಯಾವ ಭಾಗದಲ್ಲಾದರೂ ನೆಲಸುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೆಯ ವಿಧಿಯು ಅವನಿಗೂ ನಮಗೂ ಒಂದೇ ವಾಕ್ಯದಲ್ಲಿ ಕೊಟ್ಟಿದೆ.

ಇನ್ನು ಕಾನೂನಿನ ಸ್ಥಿತಿಯನ್ನು ನೋಡೋಣ. 1951ರ ತೋಟಗಾರಿಕೆ ಕಾರ್ಮಿಕರ ಕಾಯಿದೆಯು ಐವತ್ತು ಹೆಣ್ಣಾಳುಗಳಿರುವ ತೋಟದಲ್ಲಿ, ಮುಂದೆ ಆದ ತಿದ್ದುಪಡಿಯಂತೆ ಇಪ್ಪತ್ತು ಮಕ್ಕಳಿದ್ದಲ್ಲಿಯೂ, ಶಿಶುಪಾಲನಾಗೃಹವಿರಬೇಕೆಂದು ವಿಧಿಸಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಕಾರ್ಮಿಕ ಸಂಹಿತೆಯು ಅದರ ಸ್ಥಾನವನ್ನು ಹಿಡಿದಿದೆ. ಗುತ್ತಿಗೆದಾರನ ಮೂಲಕ ಬಂದವರನ್ನೂ ಸೇರಿಸಿ ಐವತ್ತು ಮಂದಿ ಕೆಲಸಗಾರರಿರುವ ತೋಟಕ್ಕೆ ಅದು ಈ ಹೊಣೆಯನ್ನು ಹೊರಿಸುತ್ತದೆ. ಓದಲು ಸೊಗಸಾಗಿದೆ. ಆದರೆ ನಮ್ಮ ಕಾಫಿ ಬೆಳೆಗಾರರಲ್ಲಿ ಹತ್ತು ಹೆಕ್ಟೇರಿಗೆ ಒಳಗಿನ ಸಣ್ಣ ಹಿಡುವಳಿದಾರರೇ ಬಹುಸಂಖ್ಯಾತರು. ಒಬ್ಬನ ತೋಟದಲ್ಲಿ ಹತ್ತು ಮಂದಿ, ಇನ್ನೊಬ್ಬನಲ್ಲಿ ಹದಿನೈದು ಮಂದಿ. ಹೀಗೆ ಹಳ್ಳಿಯೊಂದರಲ್ಲಿ ಇನ್ನೂರು ಕೂಲಿಗಳಿದ್ದರೂ ಕಾನೂನಿನ ಲೆಕ್ಕಕ್ಕೆ ಒಂದು ಮಗುವೂ ಸಿಕ್ಕದೆ ಹೋಗಬಹುದು.

ಅಂಗನವಾಡಿಯಿದೆಯಲ್ಲ ಎನ್ನಬಹುದು. 1975ರ ಅಕ್ಟೋಬರ್ 2ರಂದು ಆರಂಭವಾದ ಆ ವ್ಯವಸ್ಥೆಯ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕೂಲಿಯಾಳು ತೋಟಕ್ಕೆ ಹೊರಡುವ ಹೊತ್ತಿಗೆ ಅಂಗನವಾಡಿಯ ಬಾಗಿಲು ತೆರೆದಿರುವುದಿಲ್ಲ. ಮೂರು ವರ್ಷಕ್ಕೆ ಕೆಳಗಿನ ಕೂಸುಗಳನ್ನು ದಿನವಿಡೀ ಇರಿಸಿಕೊಳ್ಳುವ ಏರ್ಪಾಟು ಅಲ್ಲಿಲ್ಲ, ಅವುಗಳಿಗೆ ಆಹಾರದ ಪೊಟ್ಟಣವನ್ನು ಮನೆಗೆ ಕೊಟ್ಟು ಕಳುಹಿಸುವುದೇ ವಾಡಿಕೆ. ರಾಜ್ಯ ಸರ್ಕಾರವು 2023ರಲ್ಲಿ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವ ಯೋಜನೆಯನ್ನು ಸಾರಿದಾಗ ನಾವು ಸಂತೋಷಪಟ್ಟೆವು. ಆದರೆ ಅದು ಮುಖ್ಯವಾಗಿ ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರನ್ನು ಉದ್ದೇಶಿಸಿದ್ದಾಗಿತ್ತು. ಪರಪ್ರಾಂತದಿಂದ ಬಂದು ಖಾಸಗಿ ತೋಟದಲ್ಲಿ ದುಡಿಯುವವಳ ಕೈಯಲ್ಲಿ ಇಲ್ಲಿಯ ಉದ್ಯೋಗ ಚೀಟಿ ಎಲ್ಲಿಂದ ಬರಬೇಕು?

ನಮ್ಮ ಸಲಹೆಗಳು ಮೂರು. ಮೊದಲನೆಯದಾಗಿ, ಕೊಯ್ಲಿನ ಆರಂಭದಲ್ಲಿಯೇ ಪಂಚಾಯತಿಯವರು ಲೈನುಮನೆಗಳಿಗೆ ಹೋಗಿ ಆರು ವರ್ಷದೊಳಗಿನ ಮಕ್ಕಳನ್ನು ಎಣಿಸಲಿ. ಹೊಸ ಅಂಗನವಾಡಿ ಬೇಕಾದಲ್ಲಿ, ನಲವತ್ತು ಮಕ್ಕಳಿರುವ ನೆಲೆಯ ಜನರು ಕೇಳಿದ ಮೂರು ತಿಂಗಳೊಳಗೆ ಅದನ್ನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರ ಡಿಸೆಂಬರ್ 13ರಂದೇ ಆಜ್ಞಾಪಿಸಿದೆ. ಎಣಿಕೆಯೇ ಇಲ್ಲದಿದ್ದರೆ ಕೇಳುವುದಾದರೂ ಹೇಗೆ? ಎರಡನೆಯದಾಗಿ, ಅಕ್ಕಪಕ್ಕದ ಹತ್ತಾರು ಸಣ್ಣ ತೋಟಗಳವರು ಕೂಡಿ ಒಂದು ಶಿಶುವಿಹಾರವನ್ನು ನಡೆಸಲಿ. ಪಂಚಾಯತಿಯು ಕಟ್ಟಡವನ್ನೂ, ತೋಟದವರು ಆಳಿನ ಲೆಕ್ಕದಲ್ಲಿ ವಂತಿಗೆಯನ್ನೂ, ಸರ್ಕಾರವು ಆಯಾಳ ಸಂಬಳವನ್ನೂ ಕೊಡಲಿ. ಊರಿನ ಒಬ್ಬ ಹೆಂಗಸಿನ ಜೊತೆಗೆ ವಲಸೆ ಬಂದ ತಾಯಂದಿರಲ್ಲಿಯೇ ಒಬ್ಬಳನ್ನು ಇಟ್ಟುಕೊಂಡರೆ ಮಕ್ಕಳ ಅಳುವಿನ ಅರ್ಥ ತಿಳಿಯುತ್ತದೆ. ಮೂರನೆಯದಾಗಿ, ಕಟ್ಟಡ ಕಾರ್ಮಿಕರ ಮಂಡಲಿಯು ನೋಂದಾಯಿತ ತಾಯಂದಿರಿಗೆ ಮಗುವಿನ ಪೋಷಣೆಗೆಂದು ಸಹಾಯಧನವನ್ನು ಗೊತ್ತುಮಾಡಿರುವಂತೆ, ತೋಟದ ತಾಯಂದಿರಿಗೂ, ಅವರ ಹುಟ್ಟೂರು ಯಾವುದೇ ಆಗಿರಲಿ, ಇಲ್ಲಿ ದುಡಿಯುವಷ್ಟು ಕಾಲ ಒಂದು ಭತ್ಯವನ್ನು ಏರ್ಪಡಿಸತಕ್ಕದ್ದು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಸಣ್ಣ ಬೆಳೆಗಾರನಿಗೆ ಇದು ಹೊರೆಯೆನ್ನುತ್ತಾರೆ. ಮಳೆ, ಆನೆ, ಬೋರರ್ ಹುಳು ಇವುಗಳ ನಡುವೆ ಅವನು ಪಡುವ ಪಾಡನ್ನು ನಾವು ಬಲ್ಲೆವು. ಅದಕ್ಕಾಗಿಯೇ ಹೊರೆಯನ್ನು ಮೂವರಿಗೆ ಹಂಚಿದ್ದೇವೆ. ಆದರೆ 2025ರ ಆರಂಭದಲ್ಲಿ ಕಾಫಿಯ ಬೆಲೆ ಪ್ರಪಂಚದ ಪೇಟೆಯಲ್ಲಿ ದಾಖಲೆಯ ಮಟ್ಟಕ್ಕೆ ಏರಿದಾಗ ಆ ಲಾಭದಲ್ಲಿ ಲೈನುಮನೆಯ ಕೂಸಿಗೆ ಪಾಲಿರಲಿಲ್ಲವೆಂಬುದನ್ನೂ ಮರೆಯಲಾಗದು. ಇವರೊಳಗೆ ದೇಶದ ಹೊರಗಿನಿಂದ ನುಸುಳಿದವರೂ ಇರಬಹುದೆಂದು ಕೆಲವರ ಶಂಕೆ. ದಾಖಲೆಗಳನ್ನು ಪರೀಕ್ಷಿಸುವುದು ಪೋಲೀಸರ ಕೆಲಸ. ಅವರು ಅದನ್ನು ಕ್ರಮವಾಗಿ ಮಾಡಲಿ. ಹಾಲುಗಲ್ಲದ ಕೂಸು ಯಾವ ವಿಚಾರಣೆಯಲ್ಲಿಯೂ ಆಪಾದಿತನಲ್ಲ.

ಕನ್ನಡಕ್ಕೆ ಧಕ್ಕೆಯೆಂಬುದು ಕಡೆಯ ಆಕ್ಷೇಪಣೆ. ಕನ್ನಡದ ಅಭಿಮಾನದಲ್ಲಿ ಈ ಪತ್ರಿಕೆಯು ಯಾರಿಗೂ ಹಿಂದೆ ಬಿದ್ದುದಲ್ಲ. ಹಿಂದೆ ತಮಿಳು ಸೀಮೆಯಿಂದಲೂ ಘಟ್ಟದ ಕೆಳಗಿನಿಂದಲೂ ನಮ್ಮ ತೋಟಗಳಿಗೆ ಬಂದವರ ಮೊಮ್ಮಕ್ಕಳು ಅನೇಕರು ಇಂದು ನಮ್ಮೂರಿನ ಕನ್ನಡವನ್ನೇ ಆಡುತ್ತಿರುವರು. ಭಾಷೆಯು ಮಕ್ಕಳ ಬಾಯಿಗೆ ಹತ್ತುವುದು ಆಟದ ಜೊತೆಯಲ್ಲಿ, ಅನ್ನದ ಜೊತೆಯಲ್ಲಿ. ಲೈನುಮನೆಯಲ್ಲಿ ಬೀಗ ಹಾಕಿ ಬಿಟ್ಟ ಮಗು ಕನ್ನಡವನ್ನು ಕಲಿಯುವುದು ಯಾರಿಂದ?

ಜಗಲಿಯ ಮೇಲೆ ನಾವು ಕಂಡ ಹುಡುಗಿಯ ತಮ್ಮನು ಇನ್ನೆರಡು ವರ್ಷಗಳಲ್ಲಿ ತನ್ನ ಕಾಲ ಮೇಲೆ ಓಡಾಡುವನು. ಅಷ್ಟರಲ್ಲಿ ಅಕ್ಕನಿಗೆ ಹತ್ತು ತುಂಬುತ್ತದೆ. ಅಕ್ಷರ ಕಲಿಯುವ ಕಾಲ ಜಾರಿ, ಕೈಗೆ ಕೊಯ್ಲಿನ ಬುಟ್ಟಿ ಬರುವ ಕಾಲ ಸಮೀಪಿಸುತ್ತದೆ. ಹಾಸನ ಜಿಲ್ಲೆಯ ಅಧಿಕಾರಿಗಳೂ ಬೇಲೂರು ತಾಲ್ಲೂಕಿನ ಬೆಳೆಗಾರ ಮಹಾಶಯರೂ ಮುಂದಿನ ಕೊಯ್ಲಿಗೆ ಮುಂಚೆ ಒಂದೆಡೆ ಸೇರಿ, ಗೆಂಡೆಹಳ್ಳಿಯಲ್ಲಿಯೇ ಮೊದಲನೆಯ ಕೂಡು ಶಿಶುವಿಹಾರವನ್ನು ತೆರೆದು ಇತರರಿಗೆ ಮೇಲ್ಪಂಕ್ತಿಯಾಗುವರೆಂದು ನಾವು ಆಶಿಸುತ್ತೇವೆ.